ನೆಟ್ಟಿನ ಎತ್ತರ

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ, ಕಾಫಿ ಲೋಟ ಹಿಡಿದು ಬರುತ್ತಿದ್ದ ಮಾವ ಹಜಾರದಲ್ಲಿ ಪೈಪಿಗೆ ಎಡವಿದರು. ಲೋಟ ಕೈಯಲ್ಲೇ ಉಳಿಯಿತು, ಕಾಫಿ ಉಳಿಯಲಿಲ್ಲ.

"ಯಾರು ಇದನ್ನ ಮತ್ತೆ ಇಲ್ಲಿ ತಂದಿಟ್ಟಿದ್ದು?"

"ನಾನು," ಅಂದರು ಅತ್ತೆ, ಅಡುಗೆಮನೆಯಿಂದ. "ಅದರ ಜಾಗ ಅದೇ."

"ಪೈಪಿಗೆ ಎಂಥ ಜಾಗ? ಮನೆಯಲ್ಲಿ ಪೈಪಿಗೆ ಜಾಗ ಅಂತಿದ್ರೆ ಅದು ಗೋಡೆ ಒಳಗೆ."

"ಅವನು ಇಟ್ಟಿದ್ದ ಜಾಗ ಅದು."

ಮಾವ ಹೆಬ್ಬೆರಳು ಹಿಡಿದುಕೊಂಡು ಕುರ್ಚಿಯಲ್ಲಿ ಕೂತರು. ಸೊಸೆ ಬಟ್ಟೆ ತಂದು ನೆಲ ಒರೆಸಿದಳು. ಗಂಡ ತೀರಿಕೊಂಡು ಒಂದು ವಾರವಾಗಿತ್ತು. ಆ ವಾರದಲ್ಲಿ ಯಾರೂ ಅವಳ ಕೈಗೆ ಒಂದು ಕೆಲಸವನ್ನೂ ಕೊಟ್ಟಿರಲಿಲ್ಲ. ಒರೆಸಿದ ಜಾಗವನ್ನೇ ಇನ್ನೊಂದು ಸಲ ಒರೆಸಿದಳು.

ಗೋಡೆಗೆ ಒರಗಿದ್ದದ್ದು ಎರಡು ಬೂದು ಬಣ್ಣದ ಪೈಪು. ಪಕ್ಕದಲ್ಲಿ ಸಿಮೆಂಟು ತುಂಬಿದ ಎರಡು ಪೇಂಟಿನ ಬಕೆಟ್ಟು, ಒಂದೊಂದರ ನಡುವೆಯೂ ಪೈಪು ಇಳಿಸಲು ತಳದವರೆಗೆ ಬಿಟ್ಟ ತೂತು. ಅವುಗಳ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಹೊಸ ನೆಟ್ಟು, ಅದರ ಜೊತೆ ಅಳತೆ ಬರೆದ ಚೀಟಿ, ಉಂಡೆ ಸುತ್ತಿದ ಬಿಳಿ ನೂಲಿನ ಪಟ್ಟಿಗಳು, ಒಂದು ಹಳದಿ ಸ್ಟೀಲ್ ಟೇಪು. ಟೇಪು ನೆಲಮಹಡಿಯ ಟೈಲ್ಸ್ ಮೇಸ್ತ್ರಿಯದು. ಅದನ್ನು ವಾಪಸ್ ಕೊಡಬೇಕು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮೇಸ್ತ್ರಿ ಕೇಳಿರಲಿಲ್ಲ, ಇವರೂ ಕೊಟ್ಟಿರಲಿಲ್ಲ.

ಇದೆಲ್ಲ ಶುರುವಾದದ್ದು ಮಾವನ ಭುಜದಿಂದ. ಇಪ್ಪತ್ತೆಂಟು ವರ್ಷ ಬಸ್ಸಿನ ಸ್ಟಿಯರಿಂಗ್ ತಿರುಗಿಸಿದ ಬಲತೋಳು, ಕೆಲಸದಿಂದ ಬಿಡುಗಡೆಯಾದ ಎರಡನೇ ವರ್ಷಕ್ಕೆ ಕಿವಿಯ ಮಟ್ಟಕ್ಕಿಂತ ಮೇಲೆ ಏಳದೆ ಹಟ ಹಿಡಿಯಿತು. ಆಡಿಸದಿದ್ದರೆ ಹಾಗೇ ನಿಂತುಬಿಡುತ್ತದೆ ಎಂದರು ಡಾಕ್ಟರು. ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಹೇಳಿಕೊಟ್ಟರು. "ಗೋಡೆ ಹತ್ತೋಕೆ ನಾನೇನು ಹಲ್ಲಿನಾ?" ಎಂದು ಮಾವ ಎರಡನೇ ದಿನಕ್ಕೇ ಬಿಟ್ಟರು. ಡಿಪೋದಲ್ಲಿ ಅವರು ಬ್ಯಾಡ್ಮಿಂಟನ್ ಆಡುತ್ತಿದ್ದದ್ದು ಮಗನಿಗೆ ನೆನಪಿತ್ತು. ಒಳಾಂಗಣ ಕ್ರೀಡಾಂಗಣ ಊರಾಚೆ ಇತ್ತು, ಅಲ್ಲಿಯ ಶುಲ್ಕ ಕೇಳಿ ಅವನೇ ನಕ್ಕುಬಿಟ್ಟಿದ್ದ. ಕಟ್ಟಡದ ಹಿಂದೆ ಕಾಂಕ್ರೀಟು ಹಾಕಿದ ಅಂಗಳವಿತ್ತು. ಆದರೆ ಹಗಲೆಲ್ಲ ಅಲ್ಲಿ ಬಟ್ಟೆ ಒಣಗುತ್ತವೆ, ಏಳರ ಮೇಲೆ ಸ್ಕೂಟರು ನಿಲ್ಲುತ್ತವೆ. ನಡುವೆ ಸಿಗುವುದು ಎರಡು ಗಂಟೆ. ಹಾಗಾಗಿ ಹತ್ತು ನಿಮಿಷದಲ್ಲಿ ಹಾಸಿ ಹತ್ತು ನಿಮಿಷದಲ್ಲಿ ಮಡಚುವಂಥ ಅಂಕಣ ಬೇಕು ಎಂದು ಅವನು ಲೆಕ್ಕ ಹಾಕಿದ. ಒಡೆದ ಮನೆಯೊಂದರ ಪೈಪು, ಬಿಸಾಡಿದ ಬಕೆಟ್ಟು, ಅಂಗಡಿಯಲ್ಲಿದ್ದ ಅತಿ ಅಗ್ಗದ ನೆಟ್ಟು, ಗೆರೆಗಳಿಗೆ ಅಮ್ಮನ ಹೊಲಿಗೆ ಡಬ್ಬಿಯಿಂದ ಹೇಳದೆ ಕೇಳದೆ ಎತ್ತಿದ ಎರಡು ಸುರುಳಿ ಪಟ್ಟಿ.

ಆ ಭಾನುವಾರ ಸೊಸೆಗೆ ಚೆನ್ನಾಗಿ ನೆನಪಿತ್ತು. ಅವನು ಮೇಸ್ತ್ರಿಯ ಟೇಪನ್ನು ಜೇಬಿಗಿಳಿಸಿಕೊಂಡು ಮೇಲೆ ಬಂದು, ಸೀದಾ ಊಟಕ್ಕೆ ಕೂತಿದ್ದ.

"ಕೈ ತೋರಿಸು," ಅಂದರು ಅತ್ತೆ. ಅದು ಆ ಮನೆಯ ನಿಯಮ. ಅತ್ತೆ ಹೊರಗಿನವರ ಬಟ್ಟೆ ಹೊಲಿಯುವವರು. ಹೊಲಿದ ಬಟ್ಟೆ ಊಟದ ಮೇಜಿನ ಪಕ್ಕದಲ್ಲೇ ನೇತಾಡುತ್ತಿದ್ದವು. ಒಮ್ಮೆ ಯಾರದೋ ಬಿಳಿ ಅಂಗಿಗೆ ಕಲೆಯಾದ ಮೇಲೆ, ಅಂಗೈ ತೋರಿಸದೆ ಯಾರಿಗೂ ತಟ್ಟೆ ಸಿಗುತ್ತಿರಲಿಲ್ಲ. ಅವನ ಎಡ ಅಂಗೈ ತುಂಬ ನೀಲಿ ಶಾಯಿ. "ಮೂವತ್ತೈದಾಯ್ತು, ಇನ್ನೂ ಕೈ ಮೇಲೆ ಗೀಚ್ಕೋತಾನೆ. ಹೋಗು, ಸೋಪು ಹಾಕು." ಅವನು ಹೋಗಿ ತಿಕ್ಕಿ ತೊಳೆದು, ಕೆಂಪಗಾದ ಕೈಯನ್ನು ಬೇಕೆಂದೇ ಅಮ್ಮನ ಮೂಗಿನ ಹತ್ತಿರ ಹಿಡಿದು ತೋರಿಸಿ, ಮೂರು ಸಲ ಅನ್ನ ಹಾಕಿಸಿಕೊಂಡು ಉಂಡ. ಆಮೇಲೆ ಸಂಜೆಯವರೆಗೂ ಅಳೆದ, ಗರಗಸ ಹಿಡಿದು ಕೊಯ್ದ, ಮತ್ತೆ ಅಳೆದ.

ನಾಲ್ಕು ದಿನದ ಮೇಲೆ, ಗುರುವಾರ ಮಧ್ಯಾಹ್ನ, ಪೀಠೋಪಕರಣದ ಗೋದಾಮಿನಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ.

"ಇವತ್ತೇ ಸಾಗಿಸಿ ಅಂತ ನಾನೇನೂ ಹೇಳ್ತಿಲ್ಲ," ಅಂದರು ಮಾವ, ಹೆಬ್ಬೆರಳು ನೀವುತ್ತ. "ಆದ್ರೆ ನಡೆದಾಡೋ ದಾರಿ ಇದು."

"ಮುಟ್ಟಿ ನೋಡಿ," ಅಂದರು ಅತ್ತೆ.

"ಮುಟ್ಟಿದ್ರೆ?"

ಔಷಧಿ ಅಂಗಡಿಗೆ ಹೊರಟಿದ್ದ ನಾದಿನಿ ಚಪ್ಪಲಿ ಹಾಕಿಕೊಳ್ಳುತ್ತ ಅಂದಳು: "ಬಿಡಮ್ಮ, ಅಪ್ಪನ ಕಣ್ಣಿಗೆ ಅದು ಚುಚ್ಚುತ್ತೆ. ಆವತ್ತು ಬೆಳಿಗ್ಗೆ ಏನಂದ್ರು ಅಂತ ಅಪ್ಪನಿಗೆ ನೆನಪಿದೆ."

ಆ ಗುರುವಾರ ಬೆಳಿಗ್ಗೆಯೂ ಮಾವ ಇದೇ ಪೈಪಿಗೆ ಎಡವಿದ್ದರು. ಅಡುಗೆಮನೆಯಲ್ಲಿ ಮೂರು ಹಲಗೆಯ ಕಪಾಟಿಗೆ ಎರಡೇ ಹಲಗೆ ಕೂತಿತ್ತು, ಬಚ್ಚಲ ಚಿಲಕ ಒಂದೇ ಸ್ಕ್ರೂನಲ್ಲಿ ಜೋತಾಡುತ್ತಿತ್ತು, ಮೆಟ್ಟಿಲ ಕೆಳಗೆ ಪೆಡಲಿಲ್ಲದ ಸೈಕಲ್ಲು ನಿಂತಿತ್ತು. ಅದನ್ನೆಲ್ಲ ಒಂದೊಂದಾಗಿ ಎಣಿಸಿ, "ಹುಟ್ಟಿದಾಗಿಂದ ಒಂದು ಕೆಲಸ ಸರಿಯಾಗಿ ಮುಗಿಸಿದ್ದು ತೋರಿಸು. ಒಂದೇ ಒಂದು," ಎಂದಿದ್ದರು. ಅವನು "ಇದು ತೋರಿಸ್ತೀನಿ, ಶನಿವಾರ," ಎಂದು ಊಟದ ಡಬ್ಬಿ ಎತ್ತಿಕೊಂಡು ಹೋಗಿದ್ದ.

"ಹೋಗು, ನಿನಗೆ ತಡ ಆಯ್ತು," ಅಂದರು ಮಾವ ಮಗಳಿಗೆ.

ಪೈಪು ಅಲ್ಲೇ ಉಳಿಯಿತು.

ಮುಂದಿನ ವಾರ ಸೊಸೆ ಕೆಲಸಕ್ಕೆ ಹೋದಳು. ಹಾಲಿನ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಅವಳದು ಹಾಲಿನ ಕೊಬ್ಬು ಅಳೆಯುವ ಕೆಲಸ. ಎಂ.ಎಸ್ಸಿ. ಮುಗಿಸಿ ಏಳು ವರ್ಷದಿಂದ ಅದನ್ನೇ ಮಾಡುತ್ತಿದ್ದಳು. ಸಹೋದ್ಯೋಗಿಗಳು ಮೆಲ್ಲಗೆ ಮಾತಾಡಿದರು. ಹಾಲು ಎಂದಿನಂತೆ ಬಂತು, ಅಳೆದಳು, ಬರೆದಳು. ಅವಳು ಇನ್ನೂ ಅತ್ತಿರಲಿಲ್ಲ. ಅದನ್ನು ಎಲ್ಲರೂ ಗಮನಿಸಿದ್ದರು. ಬಾಯಿಬಿಟ್ಟು ಕೇಳಿದವಳು ನಾದಿನಿ ಒಬ್ಬಳೇ, ಅದೂ ಇಬ್ಬರೂ ಆಲೂಗಡ್ಡೆ ಹೆರೆಯುತ್ತಿದ್ದಾಗ.

"ಅತ್ತಿಗೆ, ನಿಮಗೆ ಏನೂ ಅನ್ಸಲ್ವಾ?"

ಅವಳು ಸ್ವಲ್ಪ ಯೋಚಿಸಿದಳು. "ಹಸಿವಾಗುತ್ತೆ," ಅಂದಳು. "ಹೊತ್ತುಹೊತ್ತಿಗೆ ಸರಿಯಾಗಿ."

"ಅಷ್ಟೇನಾ?"

"ಸಿಪ್ಪೆ ದಪ್ಪ ತೆಗೀತಿದ್ದೀಯ. ಅತ್ತೆ ನೋಡಿದ್ರೆ ಬೈತಾರೆ."

ಅತ್ತೆ ಬೈಯಲಿಲ್ಲ. ಅತ್ತೆ ಯಾವುದನ್ನೂ ನೋಡುತ್ತಿರಲಿಲ್ಲ. ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿದ್ದರು. ಪ್ಯಾಂಟು ಗಿಡ್ಡ ಮಾಡಿಸಲು ಬಂದವರನ್ನು ಬಾಗಿಲಲ್ಲೇ ಕಳಿಸುತ್ತಿದ್ದರು. ಊಟಕ್ಕೆ ಕೂತಾಗ ಕೈ ತೋರಿಸು ಎಂದು ಕೇಳುವುದನ್ನೂ ಬಿಟ್ಟಿದ್ದರು. ಕೇಳದಿದ್ದರೂ ಮೂವರೂ ಕೈ ತೊಳೆದು, ತೋರಿಸಿ, ಕೂರುತ್ತಿದ್ದರು.

ಮೂರನೇ ವಾರದ ಒಂದು ಸಂಜೆ ಸೊಸೆ ಕೆಲಸದಿಂದ ಬಂದಾಗ ಹಜಾರದಲ್ಲಿ ಪೈಪು ಇರಲಿಲ್ಲ. ಅತ್ತೆ ಕಿಟಕಿಯಲ್ಲಿ ನಿಂತಿದ್ದರು.

"ಒಬ್ಬರೇ ಇಳಿಸ್ಕೊಂಡು ಹೋದ್ರು," ಅಂದರು. "ಬಕೆಟ್ಟನ್ನೂ. ಎಡಗೈಲಿ. ನಾಲ್ಕು ಸಲ ಹತ್ತಿ ಇಳಿದ್ರು, ಬೇಡ ಅಂದ್ರೆ ಕೇಳಲ್ಲ."

ಸೊಸೆ ಕೆಳಗಿಳಿದಳು. ಮಾವ ಕಂಬ ನಿಲ್ಲಿಸಿ ನೆಟ್ಟು ಕಟ್ಟುತ್ತಿದ್ದರು. ಅವಳು ಇನ್ನೊಂದು ತುದಿ ಹಿಡಿದಳು. ಬಿಳಿ ಪಟ್ಟಿಗಳ ಮೂಲೆಮೂಲೆಗೆ ಅವನು ಮರಳಿನ ಪುಟ್ಟ ಚೀಲ ಕಟ್ಟಿದ್ದ. ಎಳೆದು ಇಟ್ಟರೆ ಗೆರೆ ನಿಲ್ಲುತ್ತಿತ್ತು. ಹನ್ನೆರಡು ನಿಮಿಷಕ್ಕೆ ಅಂಕಣ ಸಿದ್ಧವಾಯಿತು. ಮಾವ ದೂರ ನಿಂತು ಸೊಂಟದ ಮೇಲೆ ಕೈಯಿಟ್ಟು ನೋಡಿದರು. ಮೂರು ವಾರದಲ್ಲಿ ಮೊದಲ ಸಲ ಅವರ ಬೆನ್ನು ನೆಟ್ಟಗಾದದ್ದನ್ನು ಅವಳು ಕಂಡಳು.

ಮೇಲ್ಮಹಡಿಯ ಡ್ರಿಲ್ ಮೇಷ್ಟ್ರು ತರಕಾರಿ ಚೀಲ ಹಿಡಿದು ಬಂದರು. ಶಾಲೆಯಲ್ಲಿ ಆಟ ಕಲಿಸುವವರು, ನೋಡಿ ಸುಮ್ಮನಿರುವ ಪೈಕಿಯಲ್ಲ.

"ಭೇಷ್! ಆದ್ರೆ ಯಜಮಾನ್ರೇ, ನೆಟ್ಟು ತಗ್ಗಾಯ್ತಲ್ಲ."

"ತಗ್ಗಾ?"

ಮೇಷ್ಟ್ರು ಚೀಲ ಕೆಳಗಿಟ್ಟು ಕಂಬಕ್ಕೆ ಎದುರಾಗಿ ನಿಂತರು. "ಕಂಬದ ಹತ್ರ ನೂರೈವತ್ತೈದು ಸೆಂಟಿಮೀಟರು ಇರಬೇಕು. ಅಂದ್ರೆ ನನ್ನ ತುಟಿಗೆ. ಇದು ನೋಡಿ, ಗದ್ದಕ್ಕೂ ಮುಟ್ಟಿಲ್ಲ. ಸರ್ವಿಸ್ ಗೆರೆನೂ ಹತ್ತಿರಕ್ಕೆ ಬಂದಿದೆ. ಹುಡುಗ ಕಣ್ಣಳತೆಯಲ್ಲೇ ಮುಗಿಸಿಬಿಟ್ನೇನೋ..." ಎಂದು, ಯಾರ ಬಗ್ಗೆ ಮಾತಾಡುತ್ತಿದ್ದೇನೆಂದು ಆಗ ಹೊಳೆದು, ನಾಲಿಗೆ ಕಚ್ಚಿಕೊಂಡರು. "ಆದ್ರೂ ಪರವಾಗಿಲ್ಲ. ಆಡೋಕೆ ಏನೂ ಅಡ್ಡಿಯಿಲ್ಲ."

ಮಾವ ನೆಟ್ಟಿನ ಗಂಟು ಬಿಚ್ಚತೊಡಗಿದರು.

ಆ ದಿನ ಅವರು ತಟ್ಟೆಯ ಮುಂದೆ ಕೂತರು, ಉಣ್ಣಲಿಲ್ಲ.

"ಏನಾಯ್ತೀಗ?" ಅಂದರು ಅತ್ತೆ. "ಒಂದು ಗೇಣು ತಗ್ಗಿದ್ರೆ ಆಕಾಶ ಬಿತ್ತಾ?"

"ನಾನು ಆಡಿದ ಮಾತು ಸುಳ್ಳಾಗಲಿ ಅಂತ ಇಳಿಸ್ಕೊಂಡು ಹೋದೆ ಕಣೇ," ಅಂದರು ಮಾವ. "ಅದೊಂದು ಸುಳ್ಳಾಗಿದ್ರೆ ಸಾಕಿತ್ತು. ಆಗಲಿಲ್ಲ." ತಟ್ಟೆ ಸರಿಸಿ ಎದ್ದರು. "ಭಾನುವಾರ ಗುಜರಿಯವನು ಬರ್ತಾನೆ. ಎಲ್ಲ ಕೊಟ್ಟುಬಿಡಿ. ನನ್ನ ಕಣ್ಣೆದುರಿಗೆ ಬೇಡ."

ಈ ಸಲ ಅತ್ತೆ ಮುಟ್ಟಿ ನೋಡಿ ಅನ್ನಲಿಲ್ಲ.

ಶನಿವಾರ ಮಧ್ಯಾಹ್ನ ಮಾವ ಮಲಗಿದ್ದರು. ಸೊಸೆ ಗುಜರಿಗೆಂದು ಪಟ್ಟಿಗಳನ್ನು ಸುತ್ತುತ್ತಿದ್ದಳು. ಅತ್ತೆ ಬಂದು ಒಂದು ಪಟ್ಟಿಯನ್ನು ಕೈಯಿಂದ ತೆಗೆದುಕೊಂಡರು.

"ಇದು ನನ್ನ ಪಟ್ಟಿ. ಗುಜರಿಗೆ ಯಾಕೆ? ಎಷ್ಟುದ್ದ ಇದೆ ನೋಡೋಣ, ಪ್ಯಾಂಟಿನ ಸೊಂಟಕ್ಕೆ ಆಗುತ್ತೆ." ಕುತ್ತಿಗೆಯಲ್ಲಿ ಅಳತೆ ಟೇಪು ಇರಲಿಲ್ಲ. ಇಷ್ಟು ದಿನದಲ್ಲಿ ಅದನ್ನೂ ತೆಗೆದಿಟ್ಟಿದ್ದರು. ಯಂತ್ರದ ಮುಸುಕೆತ್ತಿ ಹುಡುಕಿ ತಂದು, ಅಭ್ಯಾಸಬಲದಿಂದ ಮೊದಲು ಹತ್ತಿರವಿದ್ದ ಪೈಪಿಗೇ ಹಿಡಿದರು. ನೂರೈವತ್ತು ಸೆಂಟಿಮೀಟರಿನ ಹೊಲಿಗೆ ಟೇಪು. ಪೈಪು ಅದನ್ನು ಮೀರಿ ಐದು ಹೆಚ್ಚಿರಬೇಕಿತ್ತು. ಟೇಪೇ ಉಳಿಯಿತು.

"ನೂರನಲವತ್ತೈದು," ಅಂದರು ಅತ್ತೆ.

"ಇನ್ನೊಂದು?"

"ಇದೂ ನೂರನಲವತ್ತೈದು. ಒಂದು ನೂಲಿನಷ್ಟೂ ಹೆಚ್ಚುಕಮ್ಮಿ ಇಲ್ಲ."

ಸೊಸೆ ನೆಟ್ಟಿನ ಚೀಲದಿಂದ ಅವನು ಅಳತೆ ಬರೆದಿಟ್ಟುಕೊಂಡಿದ್ದ ಚೀಟಿ ತೆಗೆದಳು. "ಸರ್ವಿಸ್ ಪಟ್ಟಿ ಅಳೀರಿ ಅತ್ತೆ. ನೂರ ತೊಂಬತ್ತೆಂಟು ಅಂತ ಬರೆದಿದ್ದಾರೆ."

"ನೂರ ಎಂಬತ್ತೆಂಟು."

"ಅಡ್ಡದ್ದು? ಆರು ಮೀಟರು ಹತ್ತು."

ಅತ್ತೆ ನೆಲದ ಮೇಲೆ ಮಂಡಿಯೂರಿ ಟೇಪನ್ನು ನಾಲ್ಕು ಸಲ ಮಗುಚಿ ಹಾಕಿದರು. "ಸರಿಯಾಗಿ ಆರು."

ಸೊಸೆ ಚೀಟಿಯನ್ನೇ ನೋಡುತ್ತ ಕೂತಳು. "ಅತ್ತೆ, ಕಣ್ಣಳತೆಯಲ್ಲಿ ಕತ್ತರಿಸಿದ್ರೆ ಒಂದು ಮೂರು ಕಮ್ಮಿ ಬರುತ್ತೆ, ಒಂದು ಎಂಟು ಹೆಚ್ಚು ಬರುತ್ತೆ. ಎಲ್ಲಾದ್ರಲ್ಲೂ ಹತ್ತೇ ಹತ್ತು ಕಮ್ಮಿ ಬರಲ್ಲ. ನಮ್ಮ ಲ್ಯಾಬಲ್ಲಿ ಹೀಗಾದ್ರೆ ಅಳೆದವರನ್ನ ಬೈಯಲ್ಲ, ತಕ್ಕಡಿ ನೋಡ್ತಾರೆ."

ಇಬ್ಬರೂ ಹಳದಿ ಟೇಪಿನ ಕಡೆ ತಿರುಗಿದರು. ಸೊಸೆ ಅದರ ನಾಲಿಗೆ ಎಳೆದಳು. ತುದಿಯಲ್ಲಿ ಕೊಕ್ಕೆ, ಕೊಕ್ಕೆಯನ್ನು ಕೈಯಿಂದ ಬಡಿದು ಕೂರಿಸಿದ ಗುರುತು, ಅದರ ಪಕ್ಕದಲ್ಲಿ ಮೊದಲ ಅಂಕಿ: ಹನ್ನೊಂದು.

"ಅಯ್ಯೋ, ಇದಕ್ಕೆ ತಲೇನೇ ಇಲ್ಲ!" ಅಂದರು ಅತ್ತೆ. ಎದ್ದು ಹೋಗಿ, ಮಲಗಿದ್ದ ಗಂಡನನ್ನು ಭುಜ ಹಿಡಿದು ಅಲುಗಿಸಿದರು, ನೋವಿದ್ದ ಭುಜವನ್ನೇ.

ಮಾವ ಮಂಚದ ಮೇಲೆ ಕೂತು ಟೇಪನ್ನು ಎಳೆದರು, ಬಿಟ್ಟರು. ಮತ್ತೆ ಎಳೆದರು. ಸೊಸೆ ಇನ್ನೊಂದು ಸಲ ಎಲ್ಲ ಅಳತೆ ಓದಿ ಹೇಳಿದಳು.

"ಹಾಗಾದ್ರೆ ಅವನು ಸರಿಯಾಗೇ ಅಳೆದಿದ್ದ," ಅಂದರು ಮಾವ.

"ಸರಿಯಾಗೇ."

"ಟೇಪಿನ ತಪ್ಪು."

"ಟೇಪಿನದೇ," ಅಂದರು ಅತ್ತೆ.

ಮಾವ ಬಚ್ಚಲಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದರು. ಹೊರಗೆ ಬಂದು, "ಕೊಯ್ದ ಪೈಪಿನ ಚೂರು ಎಲ್ಲಿಟ್ಟಿದ್ದಾನೆ?" ಎಂದು ಕೇಳಿದರು.

ಭಾನುವಾರ ಬಂದ ಗುಜರಿಯವನು ಹಳೆ ಪೇಪರು ಮಾತ್ರ ತೆಗೆದುಕೊಂಡು ಹೋದ.

ಮುಂದಿನ ವಾರವೆಲ್ಲ ಮನೆಯಲ್ಲಿ ಗರಗಸದ ಸದ್ದು, ಅಂಟಿನ ವಾಸನೆ. ಮಾವ ಹತ್ತು ಸೆಂಟಿಮೀಟರಿನ ಎರಡು ಚೂರು ಕೊಯ್ದು, ಪೈಪು ಜೋಡಿಸುವ ಸಾಕೆಟ್ಟು ತಂದು, ಕಂಬಕ್ಕೆ ಅಂಟಿಸಿದರು. ಅತ್ತೆ ಯಂತ್ರಕ್ಕೆ ಎಣ್ಣೆ ಬಿಟ್ಟು ಪಟ್ಟಿಗೊಂದು ಹತ್ತು ಸೆಂಟಿಮೀಟರಿನ ತುಂಡು ಸೇರಿಸಿ ಹೊಲಿದರು. "ಎರಡು ಸುರುಳಿ ಕದ್ದ, ಈಗ ಮೂರನೇದೂ ಹೋಯ್ತು," ಎಂದು ಗೊಣಗಿದರು. ಆ ವಾರವೇ ಊಟದ ಹೊತ್ತಿಗೆ ನಾದಿನಿಯ ಕೈ ಹಿಡಿದು ತಿರುಗಿಸಿ, "ಇದೇನು, ಔಷಧಿ ಬಣ್ಣನಾ? ಹೋಗು, ಸೋಪು ಹಾಕು," ಅಂದರು. ನಾದಿನಿ ಅತ್ತಿಗೆಯ ಮುಖ ನೋಡಿ ಎದ್ದು ಹೋದಳು.

ಶನಿವಾರ ಐದಕ್ಕೆ ಅಂಕಣ ಹಾಸಿದರು. ಡ್ರಿಲ್ ಮೇಷ್ಟ್ರನ್ನು ಮಾವ ಹೇಳಿ ಕಳಿಸಿ ಕರೆಸಿದರು. ಮೇಷ್ಟ್ರು ಕಂಬಕ್ಕೆ ಎದುರಾಗಿ ನಿಂತರು, ತುಟಿ ಮುಟ್ಟಿ ನೋಡಿಕೊಂಡರು, ಕೈಯೆತ್ತಿ ಒಪ್ಪಿಗೆ ಕೊಟ್ಟರು. ಮಾವ ಮೊದಲ ಷಟಲ್ಲನ್ನು ಸೀದಾ ಹೆಂಡತಿಯ ತಲೆಗೆ ಹೊಡೆದರು.

"ನೋಡ್ಕೊಂಡು ಹೊಡೀರಿ! ಬಸ್ಸಲ್ಲ ಇದು!"

"ಬಸ್ಸಾಗಿದ್ರೆ ನೀನು ಪಕ್ಕಕ್ಕೆ ಸರೀತಿದ್ದೆ!"

ತೋಳು ಕಿವಿಯ ಮಟ್ಟದಲ್ಲೇ ನಿಲ್ಲುತ್ತಿತ್ತು. ಅರ್ಧ ಗಂಟೆಯಲ್ಲಿ ಒಂದು ಸಲ, ಒಂದೇ ಸಲ, ಕಿವಿ ದಾಟಿತು. ಸೊಸೆ ಗೆರೆಯಾಚೆ ಬಿದ್ದ ಷಟಲ್ಲುಗಳನ್ನು ಹೆಕ್ಕಿಕೊಟ್ಟಳು. ಏಳಕ್ಕೆ ಸರಿಯಾಗಿ ಎಲ್ಲ ಮಡಚಿದರು, ಒಂಬತ್ತು ನಿಮಿಷದಲ್ಲಿ.

ಮರುದಿನ ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಮಾವ ಅಂದರು: "ಆ ಮೇಸ್ತ್ರಿಯ ಟೇಪು ಕೊಡು, ನಾನೇ ಹೋಗಿ ಎರಡು ಮಾತು ಕೇಳಿಬರ್ತೀನಿ. ತಲೆಯಿಲ್ಲದ ಟೇಪು ಕೊಡುವಾಗ ಬಾಯಿಬಿಟ್ಟು ಹೇಳಬಾರದಾ? ಅವನಿಂದ ನನ್ನ ಮಗ..." ಮುಂದಿನದನ್ನು ಬ್ರೆಡ್ಡಿನ ಜೊತೆ ನುಂಗಿದರು.

"ನೀವು ಹೋದ್ರೆ ಜಗಳ ಆಗುತ್ತೆ," ಅಂದರು ಅತ್ತೆ.

"ನಾನು ಕೊಟ್ಟುಬರ್ತೀನಿ," ಅಂದಳು ಸೊಸೆ.

ನೆಲಮಹಡಿಯಲ್ಲಿ ಬಾಗಿಲು ತೆರೆದೇ ಇತ್ತು. ಮೇಸ್ತ್ರಿ ಭಾನುವಾರವೂ ಮನೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಉಳಿದ ಟೈಲ್ಸ್ ಚೂರುಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದರು. ಅವಳನ್ನು ಕಂಡು ಎದ್ದು ಕೈಯ ಧೂಳು ಕೊಡವಿಕೊಂಡರು.

"ಟೇಪು," ಅಂದಳು ಅವಳು. "ಕೊಡೋದು ತಡ ಆಯ್ತು."

"ಅದಕ್ಕೇನಮ್ಮ ಅವಸರವಿತ್ತು. ನಿನ್ನೆ ಕಿಟಕಿಯಿಂದ ನೋಡ್ದೆ, ಯಜಮಾನ್ರು ಆಡ್ತಿದ್ರು. ಚೆನ್ನಾಗಿ ಮಾಡಿದ್ದಾನೆ ಹುಡುಗ." ಮೇಸ್ತ್ರಿ ಟೇಪು ತೆಗೆದುಕೊಂಡರು. "ಅಳತೆ ಎಲ್ಲ ಸರಿ ಬಂತಲ್ವಾ? ಇದರ ಮೊದಲ ಹತ್ತು ಇಲ್ಲ, ಮುರಿದುಹೋಗಿತ್ತು, ನಾನೇ ಕೊಕ್ಕೆ ಹಾಕಿದ್ದು. ಆವತ್ತು ಹೇಳಿದ್ದೆ, ಎಷ್ಟು ಬರುತ್ತೋ ಅದರಲ್ಲಿ ಹತ್ತು ಕಳಿ ಅಂತ. ಒಂದಲ್ಲ, ಎರಡು ಸಲ."

"ಹೇಳಿದ್ರಾ?"

"ಹೇಳದೆ? ಮರೀತೀನಿ ಅಂತ ನನ್ನ ಪೆನ್ನು ಇಸ್ಕೊಂಡು ಬರ್ಕೊಂಡ. ಇಲ್ಲಿ." ಮೇಸ್ತ್ರಿ ತಮ್ಮ ಎಡ ಅಂಗೈ ಚಾಚಿ ತೋರಿಸಿದರು. "ಇಷ್ಟು ದೊಡ್ಡ ಅಕ್ಷರದಲ್ಲಿ. ಪೇಪರು ಕೊಟ್ರೆ ಕಳೆದುಹಾಕ್ತೀನಿ, ಕೈ ಕಳೆದುಹೋಗಲ್ಲ ಅಂದ."

ಅವಳು ಆ ಖಾಲಿ ಅಂಗೈಯನ್ನು ನೋಡಿದಳು. ಸೋಪು ಹಾಕಿ ತಿಕ್ಕಿ ಕೆಂಪಗಾದ ಕೈಯನ್ನು ಅಮ್ಮನ ಮೂಗಿನ ಹತ್ತಿರ ಹಿಡಿದು ಅವನು ಕುಣಿದದ್ದು ಕಂಡಿತು. ಆಮೇಲೆ ಉಂಡು, ನೆಮ್ಮದಿಯಾಗಿ, ಒಂದೊಂದನ್ನೂ ಎರಡೆರಡು ಸಲ ಅಳೆದು ತಪ್ಪಾಗಿ ಕೊಯ್ದದ್ದು. ಎಲ್ಲಿಂದಲೋ ಫಕ್ಕನೆ ನಗು ಬಂತು. ತಡೆಯಲು ಹೋದಳು, ಆಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು. ನಗು ಎಲ್ಲಿ ಮುಗಿದು ಇನ್ನೊಂದು ಶುರುವಾಯಿತೋ ಅವಳಿಗೂ ತಿಳಿಯಲಿಲ್ಲ. ಮೇಸ್ತ್ರಿ ಗಾಬರಿಯಾಗಿ ಒಳಗೆ ಹೋಗಿ ಒಂದು ಲೋಟ ನೀರು ತಂದರು.

ನೀರು ಕುಡಿದು, ಮುಖ ಒರೆಸಿಕೊಂಡು ಅವಳು ಹೇಳಿದಳು: "ನಿಮ್ಮಿಂದ ಒಂದು ಉಪಕಾರ ಆಗ್ಬೇಕು. ನಮ್ಮ ಮಾವ ಬಂದು ಕೇಳಿದ್ರೆ, ಹತ್ತು ಕಳೀಬೇಕು ಅಂತ ಹೇಳೋಕೆ ಮರೆತಿದ್ದೆ ಅನ್ನಿ."

"ನಾನಾ? ಮರೆತೆ ಅಂತನಾ?" ಮೇಸ್ತ್ರಿಯ ಹುಬ್ಬು ಮೇಲೇರಿತು. "ಮೂವತ್ತು ವರ್ಷ ಆಯ್ತಮ್ಮ ಈ ಕೆಲಸಕ್ಕೆ ಬಂದು. ಅಳತೆಯಲ್ಲಿ ನನ್ನ ತಪ್ಪು ಅಂತ ಯಾರೂ ಬೆರಳು ತೋರಿಸಿಲ್ಲ."

"ಗೊತ್ತು. ಬೈದ್ರೆ ಬೈಸ್ಕೊಳ್ಳಿ."

"ಯಾಕೆ ಅಂತ ಆದ್ರೂ ಹೇಳು."

"ಆವತ್ತು ಊಟಕ್ಕೆ ಮುಂಚೆ ಕೈ ತೊಳಿ ಅಂತ ಕಳಿಸಿದ್ದು ನಮ್ಮತ್ತೆ."

ಮೇಸ್ತ್ರಿ ತಮ್ಮ ಅಂಗೈಯನ್ನು ಒಂದು ಸಲ ನೋಡಿಕೊಂಡು ಮಡಚಿದರು. ಕಾಲ ಬಳಿಯಿದ್ದ ಟೈಲ್ಸ್ ಚೂರೊಂದನ್ನು ಎತ್ತಿ ಬೇರೆ ಗುಡ್ಡೆಗೆ ಹಾಕಿದರು.

"ಮರೆತಿದ್ದೆ," ಅಂದರು ಕೊನೆಗೆ. "ವಯಸ್ಸಾಯ್ತು, ಮರೆವು ಅಂತೀನಿ. ಬೈದ್ರೆ ಬೈಲಿ ಬಿಡು." ಆಮೇಲೆ ಟೇಪನ್ನು ಅವಳ ಕಡೆಗೇ ಚಾಚಿದರು. "ಇನ್ನೇನಾದ್ರೂ ಅಳೆಯೋದಿದ್ರೆ ಇಟ್ಕೋಮ್ಮ, ನನ್ನ ಹತ್ರ ಇನ್ನೊಂದಿದೆ."

"ಬೇಡ," ಅಂದಳು ಅವಳು. "ಅವರ ಕೆಲಸ ಮುಗೀತು."